ಸುದ್ದಿಗಳನ್ನು ವರ್ಷವಾರು ವಿಂಗಡಿಸುವುದು: ಎಕ್ಸ್‌ಎಸ್‌ಎಲ್‌ಟಿಯಲ್ಲಿ ಗುಂಪುಗೂಡಿಕೆಯ ಬಗೆ

ಜಾಲತಾಣವೊಂದರ ಸುದ್ದಿ ವಿಭಾಗದಲ್ಲಿ ಹತ್ತಿಪ್ಪತ್ತು ಪ್ರಕಟಣೆಗಳಿರುವವರೆಗೆ ಅವನ್ನು ಒಂದರ ಕೆಳಗೊಂದು ಜೋಡಿಸಿಟ್ಟರೆ ಸಾಕು. ಅವು ನೂರಾರಾದಾಗ ಓದುಗರಿಗೆ ವರ್ಷದ ಶೀರ್ಷಿಕೆಗಳು ಬೇಕಾಗುತ್ತವೆ: ಮೇಲೆ 2024 ಎಂಬ ಶೀರ್ಷಿಕೆ, ಅದರಡಿ ಆ ವರ್ಷದ ಸುದ್ದಿಗಳು, ಬಳಿಕ 2023, ಅದರ ಸುದ್ದಿಗಳು. ಬೇಡಿಕೆ ಇಷ್ಟು ಸರಳ. ಆದರೆ ಸುದ್ದಿಗಳು, ಮಾಹಿತಿಯನ್ನು ಟ್ಯಾಗುಗಳ ನಡುವೆ ಇಡುವ ಎಕ್ಸ್‌ಎಂಎಲ್ ಕಡತದಲ್ಲಿದ್ದು, ಅದನ್ನು ಎಚ್‌ಟಿಎಂಎಲ್ ಪುಟವಾಗಿ ಪರಿವರ್ತಿಸುವ ಹೊಣೆ ಇಂಥ ಪರಿವರ್ತನೆಗೆಂದೇ ಇರುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯದ್ದಾಗಿದ್ದರೆ, ಬೇರೆ ಭಾಷೆಗಳಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವ ಈ ಕೆಲಸ ಅನುಭವಿಗಳನ್ನೂ ತಬ್ಬಿಬ್ಬು ಮಾಡುತ್ತದೆ. ಈ ಗೊಂದಲದ ಮೂಲವಿರುವುದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವ ರೀತಿಯಲ್ಲಿ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಚಿಕ್ಕ ಕಡತವನ್ನು ಮುಂದಿಟ್ಟುಕೊಳ್ಳೋಣ.

<ಸುದ್ದಿಗಳು>
  <ಸುದ್ದಿ ದಿನಾಂಕ="2023-11-04">ವಾರ್ಷಿಕ ವರದಿ ಪ್ರಕಟ</ಸುದ್ದಿ>
  <ಸುದ್ದಿ ದಿನಾಂಕ="2024-02-17">ಹುಡುಕಾಟದ ಸೌಲಭ್ಯ ಸೇರ್ಪಡೆ</ಸುದ್ದಿ>
  <ಸುದ್ದಿ ದಿನಾಂಕ="2022-06-30">ಹೊಸ ವಿನ್ಯಾಸ ಜಾರಿಗೆ</ಸುದ್ದಿ>
  <ಸುದ್ದಿ ದಿನಾಂಕ="2024-09-08">ಕಾರ್ಯಾಗಾರಕ್ಕೆ ನೋಂದಣಿ ಆರಂಭ</ಸುದ್ದಿ>
  <ಸುದ್ದಿ ದಿನಾಂಕ="2023-01-21">ಸರ್ವರ್ ಬದಲಾವಣೆ ಪೂರ್ಣ</ಸುದ್ದಿ>
</ಸುದ್ದಿಗಳು>

ಟ್ಯಾಗುಗಳಿಗೆ ಕನ್ನಡದ ಹೆಸರಿಟ್ಟಿರುವುದನ್ನು ಕಂಡು ಯಾರೂ ಹುಬ್ಬೇರಿಸಬೇಕಿಲ್ಲ. ಎಕ್ಸ್‌ಎಂಎಲ್ ನಿಯಮಗಳು ಇದಕ್ಕೆ ಪೂರ್ಣ ಅವಕಾಶ ಕೊಡುತ್ತವೆ. ಎಕ್ಸ್‌ಎಸ್‌ಎಲ್‌ಟಿಯ ಆಜ್ಞೆಗಳು ಮತ್ತು ಫಂಕ್ಷನ್‌ಗಳ ಹೆಸರುಗಳು ಮಾತ್ರ ರೋಮನ್ ಲಿಪಿಯಲ್ಲೇ ಇರಬೇಕು. ಓದಿಗೆ ಅನುಕೂಲವಾಗಲೆಂದು ಇಲ್ಲಿ ಅವನ್ನು ಕನ್ನಡದಲ್ಲಿ ಬರೆದಿದೆ. ಗಮನಿಸಬೇಕಾದದ್ದೇನೆಂದರೆ, ಸುದ್ದಿಗಳು ದಿನಾಂಕದ ಕ್ರಮದಲ್ಲಿಲ್ಲ, ಒಂದೇ ವರ್ಷದ ಸುದ್ದಿಗಳು ಅಕ್ಕಪಕ್ಕದಲ್ಲೂ ಇಲ್ಲ. ನಿಜವಾದ ಕಡತಗಳು ಇರುವುದೇ ಹೀಗೆ.

ಸಾಮಾನ್ಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಳಗಿದವರಿಗೆ ಮೊದಲು ಹೊಳೆಯುವ ಉಪಾಯ ಒಂದೇ. ಸುದ್ದಿಗಳನ್ನು ದಿನಾಂಕದಂತೆ ಜೋಡಿಸಿ, ‘ಹಿಂದಿನ ವರ್ಷ’ ಎಂಬ ವೇರಿಯಬಲ್ ಇಟ್ಟುಕೊಂಡು, ಪ್ರತಿ ಸುದ್ದಿಗೂ ಅದರ ವರ್ಷವನ್ನು ಹಿಂದಿನದರೊಡನೆ ಹೋಲಿಸುತ್ತ, ಬದಲಾದಲ್ಲೆಲ್ಲ ಹೊಸ ಶೀರ್ಷಿಕೆ ಹಾಕುತ್ತ ಸಾಗುವುದು. ಎಕ್ಸ್‌ಎಸ್‌ಎಲ್‌ಟಿ ಈ ದಾರಿಯನ್ನು ಮೊದಲ ಹೆಜ್ಜೆಯಲ್ಲೇ ಮುಚ್ಚುತ್ತದೆ. ಅಲ್ಲಿ ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆಯನ್ನು ಮತ್ತೆ ಬದಲಿಸುವಂತಿಲ್ಲ. ‘ಫಾರ್-ಈಚ್’ ಎಂಬ ಆಜ್ಞೆಯ ಒಂದು ಸುತ್ತು ಮುಂದಿನ ಸುತ್ತಿಗೆ ಏನನ್ನೂ ದಾಟಿಸುವುದಿಲ್ಲ. ಪ್ರತಿ ನೋಡ್‌ನ (ಕಡತದ ಒಂದೊಂದು ಘಟಕದ, ಇಲ್ಲಿ ಒಂದೊಂದು ಸುದ್ದಿಯ) ಸಂಸ್ಕರಣೆಯೂ ಉಳಿದವುಗಳಿಂದ ಸ್ವತಂತ್ರ. ಈ ಕಾರಣದಿಂದಲೇ ಪ್ರೊಸೆಸರ್, ಅಂದರೆ ಎಕ್ಸ್‌ಎಸ್‌ಎಲ್‌ಟಿಯನ್ನು ನಡೆಸುವ ತಂತ್ರಾಂಶ, ಅವನ್ನು ತನಗೆ ಬೇಕಾದ ಕ್ರಮದಲ್ಲಿ ಸಂಸ್ಕರಿಸಿದರೂ ಫಲಿತಾಂಶ ಒಂದೇ ಆಗಿರುತ್ತದೆ.

ವೇರಿಯಬಲ್ ಸಿಗದವರು ಎರಡನೆಯ ಉಪಾಯಕ್ಕೆ ಕೈಹಾಕುತ್ತಾರೆ. ‘ಸಾರ್ಟ್’ ಆಜ್ಞೆಯಿಂದ ಸುದ್ದಿಗಳನ್ನು ಕ್ರಮಗೊಳಿಸಿ, ‘ಪ್ರಿಸೀಡಿಂಗ್-ಸಿಬ್ಲಿಂಗ್’ ಎಂಬ ಅಕ್ಷದ (ಒಂದು ನೋಡ್‌ನಿಂದ ಅದೇ ಮಟ್ಟದಲ್ಲಿ ಅದಕ್ಕೂ ಮೊದಲಿರುವವುಗಳತ್ತ ನೋಡುವ ದಾರಿಯ) ಮೂಲಕ ಹಿಂದಿನ ಸುದ್ದಿಯ ವರ್ಷವನ್ನು ನೋಡುವುದು. ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಕೆಲವು ಕಡತಗಳಲ್ಲಿ ಇದು ಸರಿಯಾಗಿಯೇ ನಡೆಯುತ್ತದೆ. ‘ಸಾರ್ಟ್’ ಬದಲಿಸುವುದು ಸಂಸ್ಕರಣೆಯ ಕ್ರಮವನ್ನು ಮಾತ್ರ. ಮೂಲ ದಾಖಲೆಯ ಮರದಲ್ಲಿ ನೋಡ್‌ಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದ ‘ಹಿಂದಿನ ಸುದ್ದಿ’ ಎಂದು ಕೇಳಿದಾಗ ಸಿಗುವುದು ಕ್ರಮಗೊಂಡ ಪಟ್ಟಿಯಲ್ಲಿ ಹಿಂದಿನದಲ್ಲ, ಮೂಲ ಕಡತದಲ್ಲಿ ಅದರ ಮೇಲಿರುವ ಸುದ್ದಿ. ನಮ್ಮ ಮಾದರಿಯಲ್ಲಿ 2024-09-08ರ ಸುದ್ದಿಗೆ ಹಿಂದಿನದು 2022ರದು, 2024-02-17ರದಕ್ಕೆ ಹಿಂದಿನದು 2023ರದು. ಹೀಗಾಗಿ 2024 ಎಂಬ ಶೀರ್ಷಿಕೆ ಎರಡು ಸಲ ಬೀಳುತ್ತದೆ. ಮೂಲ ಕಡತ ಮೊದಲೇ ದಿನಾಂಕದ ಕ್ರಮದಲ್ಲಿದ್ದರೆ ದೋಷ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಅಡಗಿದ್ದು, ಯಾರೋ ಹಳೆಯ ಸುದ್ದಿಯೊಂದನ್ನು ಕೊನೆಯಲ್ಲಿ ಸೇರಿಸಿದ ದಿನ ಹೊರಬರುತ್ತದೆ.

ಹಿಂದಿನ ಒಂದೇ ಸುದ್ದಿಯನ್ನು ನೋಡುವ ಬದಲು ಹಿಂದಿರುವ ಎಲ್ಲವನ್ನೂ ಜಾಲಾಡಿ, ‘ಈ ವರ್ಷದ ಸುದ್ದಿ ಈ ಮೊದಲು ಬಂದಿದೆಯೇ’ ಎಂದು ಕೇಳಬಹುದು. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಶ್ರಮ ಹೆಚ್ಚು: 1,000 ಸುದ್ದಿಗಳಿದ್ದರೆ ಕೆಟ್ಟ ಸಂದರ್ಭದಲ್ಲಿ 4,99,500 ಹೋಲಿಕೆಗಳು. ಸುದ್ದಿಗಳು ಎರಡು ಪಟ್ಟಾದರೆ ಹೋಲಿಕೆಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಚಿಕ್ಕ ತಾಣಕ್ಕೆ ಇದು ತೊಂದರೆಯೇನಲ್ಲವಾದರೂ ಈ ಮೂರನೆಯ ದಾರಿಯಲ್ಲಿ ಒಂದು ಒಳ್ಳೆಯ ಸುಳಿವಿದೆ. ಅದು ‘ವರ್ಷ ಯಾವಾಗ ಬದಲಾಯಿತು’ ಎಂದು ಕೇಳುವುದನ್ನು ಬಿಟ್ಟು, ‘ತನ್ನ ವರ್ಷದ ಮೊದಲ ಸುದ್ದಿ ಇದೇ ಏನು’ ಎಂದು ಕೇಳುತ್ತಿದೆ. ಮೊದಲ ಪ್ರಶ್ನೆಗೆ ನೆನಪು ಬೇಕು, ಎರಡನೆಯದಕ್ಕೆ ಬೇಡ. ಎಕ್ಸ್‌ಎಸ್‌ಎಲ್‌ಟಿಯಲ್ಲಿ ಗುಂಪುಗೂಡಿಸುವುದೆಂದರೆ ಪ್ರತಿ ವರ್ಷಕ್ಕೂ ಒಬ್ಬ ಪ್ರತಿನಿಧಿಯನ್ನು ಆರಿಸಿ, ಆ ಪ್ರತಿನಿಧಿಯ ಮೂಲಕ ಅದೇ ವರ್ಷದ ಉಳಿದ ಎಲ್ಲವನ್ನೂ ಕರೆಸಿಕೊಳ್ಳುವುದು. ಇದಿಷ್ಟು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಬರವಣಿಗೆಯ ವಿವರ.

ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿಯಾದ 1.0 ಜಾಲದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದದ್ದು 1999ರ ನವೆಂಬರ್ 16ರಂದು. ಅದರಲ್ಲಿ ಗುಂಪುಗೂಡಿಸಲು ಪ್ರತ್ಯೇಕ ಆಜ್ಞೆ ಇರಲಿಲ್ಲ. ಇದ್ದದ್ದು ‘ಕೀ’ ಎಂಬ ಸೌಲಭ್ಯ. ದಾಖಲೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಅಡ್ಡ ಉಲ್ಲೇಖಗಳನ್ನು ಹಿಂಬಾಲಿಸಲೆಂದು ರೂಪಿಸಿದ್ದು ಅದು. ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಪದವನ್ನು ಕೊಟ್ಟರೆ ಪುಟಗಳನ್ನು ಹೇಳುವಂತೆ, ‘ಕೀ’ ಒಂದು ಬೆಲೆಯನ್ನು ಕೊಟ್ಟರೆ ಆ ಬೆಲೆಯಿರುವ ನೋಡ್‌ಗಳನ್ನೆಲ್ಲ ಕೊಡುತ್ತದೆ. ಇದನ್ನೇ ಗುಂಪುಗೂಡಿಕೆಗೆ ತಿರುಗಿಸಿಕೊಳ್ಳುವ ಜಾಣ್ಮೆಯನ್ನು ಆಗ ಒರಾಕಲ್‌ನಲ್ಲಿದ್ದ ಸ್ಟೀವ್ ಮ್ಯೂಂಚ್ ಬಳಕೆಗೆ ತಂದರು. ಅವರ ಹೆಸರಿನಿಂದಲೇ ಅದು ಮ್ಯೂಂಚಿಯನ್ ವಿಧಾನ ಎನಿಸಿಕೊಂಡಿದೆ.

ವಿಧಾನದ ಮೊದಲ ಹಂತದಲ್ಲಿ ಸ್ಟೈಲ್‌ಶೀಟ್‌ನ (ಎಕ್ಸ್‌ಎಸ್‌ಎಲ್‌ಟಿ ಆಜ್ಞೆಗಳ ಕಡತದ) ಮೇಲ್ಮಟ್ಟದಲ್ಲಿ, ಅಂದರೆ ಯಾವ ಟೆಂಪ್ಲೇಟ್‌ನ (ನಿರ್ದಿಷ್ಟ ನೋಡ್‌ಗಳಿಗೆ ಅನ್ವಯಿಸುವ ಆಜ್ಞೆಗಳ ಗುಂಪಿನ) ಒಳಗೂ ಅಲ್ಲದೆ, ಒಂದು ಕೀಯನ್ನು ಘೋಷಿಸಬೇಕು. ಅದಕ್ಕೆ ‘ವರ್ಷವಾರು’ ಎಂದು ಹೆಸರಿಡೋಣ. ಯಾವ ನೋಡ್‌ಗಳಿಗೆ ಸೂಚಿ ಬೇಕೆಂದು ಹೇಳುವ ‘ಮ್ಯಾಚ್’ ಲಕ್ಷಣದಲ್ಲಿ (ಲಕ್ಷಣವೆಂದರೆ ಟ್ಯಾಗಿನೊಳಗೆ ಹೆಸರು, ಸಮಚಿಹ್ನೆ, ಬೆಲೆ ಎಂದು ಬರೆಯುವ ಆಟ್ರಿಬ್ಯೂಟ್) ‘ಸುದ್ದಿ’ ಎಂದೂ, ಸೂಚಿಯ ಬೆಲೆ ಯಾವುದೆಂದು ಹೇಳುವ ‘ಯೂಸ್’ ಲಕ್ಷಣದಲ್ಲಿ ದಿನಾಂಕದ ಮೊದಲ ನಾಲ್ಕು ಅಕ್ಷರಗಳೆಂದೂ ಬರೆಯಬೇಕು. ನಾಲ್ಕು ಅಕ್ಷರಗಳನ್ನು ಕತ್ತರಿಸುವುದು ‘ಸಬ್‌ಸ್ಟ್ರಿಂಗ್’ ಫಂಕ್ಷನ್‌ನ ಕೆಲಸ. ಅದಕ್ಕೆ ದಿನಾಂಕವನ್ನೂ 1 ಮತ್ತು 4 ಎಂಬ ಅಂಕೆಗಳನ್ನೂ ಕೊಟ್ಟರೆ ಒಂದನೆಯ ಅಕ್ಷರದಿಂದ ಆರಂಭಿಸಿ ನಾಲ್ಕನ್ನು ತಂದುಕೊಡುತ್ತದೆ. ಇಲ್ಲಿ ಎಣಿಕೆ ಶುರುವಾಗುವುದು 1ರಿಂದ. ಸೊನ್ನೆಯಿಂದ ಎಣಿಸುವ ಭಾಷೆಗಳ ಅಭ್ಯಾಸವಿರುವವರು 0 ಎಂದು ಬರೆದರೆ ದೋಷಸಂದೇಶವೇನೂ ಬಾರದೆ ಮೂರೇ ಅಕ್ಷರಗಳು ಸಿಗುತ್ತವೆ, ಮತ್ತು 2020ರಿಂದ 2029ರವರೆಗಿನ ಸುದ್ದಿಗಳೆಲ್ಲ ಒಂದೇ ಗುಂಪಿಗೆ ಬೀಳುತ್ತವೆ. ಇನ್ನೊಂದು ನಿರ್ಬಂಧವನ್ನೂ ಇಲ್ಲೇ ಹೇಳಿಬಿಡಬೇಕು: 1.0 ಆವೃತ್ತಿಯಲ್ಲಿ ಕೀಯ ‘ಮ್ಯಾಚ್’ ಮತ್ತು ‘ಯೂಸ್’ ಲಕ್ಷಣಗಳೊಳಗೆ ವೇರಿಯಬಲ್ ಬಳಸುವಂತಿಲ್ಲ.

ಎರಡನೆಯ ಹಂತ ಪ್ರತಿನಿಧಿಗಳ ಆಯ್ಕೆ. ಇದೇ ಇಡೀ ವಿಧಾನದ ಹೃದಯ, ಮತ್ತು ಕಣ್ಣಿಗೆ ಅತ್ಯಂತ ಕಠಿಣವಾಗಿ ಕಾಣುವ ಸಾಲೂ ಇದೇ. ‘ಫಾರ್-ಈಚ್’ ಆಜ್ಞೆ ಎಲ್ಲ ಸುದ್ದಿಗಳನ್ನೂ ಆರಿಸದೆ, ಚೌಕ ಆವರಣದಲ್ಲಿ ಹಾಕಿದ ಒಂದು ಷರತ್ತನ್ನು ಪೂರೈಸುವ ಸುದ್ದಿಗಳನ್ನು ಮಾತ್ರ ಆರಿಸುತ್ತದೆ. ಷರತ್ತು ಹೀಗಿದೆ: ಈ ಸುದ್ದಿಯ ವರ್ಷವನ್ನು ‘ವರ್ಷವಾರು’ ಕೀಗೆ ಕೊಟ್ಟು, ಮರಳಿ ಬರುವ ನೋಡ್‌ಗಳಲ್ಲಿ ಮೊದಲನೆಯದನ್ನು ತೆಗೆದುಕೊಂಡಾಗ, ಅದು ಈ ಸುದ್ದಿಯೇ ಆಗಿರಬೇಕು. ‘ಇದೇ ಅದು’ ಎಂಬುದನ್ನು ಪರೀಕ್ಷಿಸಲು ಸಮಚಿಹ್ನೆಯೊಂದೇ ಸಾಲದು, ಏಕೆಂದರೆ ಎರಡು ನೋಡ್‌ಗಳ ನಡುವೆ ಸಮಚಿಹ್ನೆ ಇಟ್ಟರೆ ಹೋಲಿಕೆಯಾಗುವುದು ಅವುಗಳ ಪಠ್ಯ. ಒಂದೇ ಶೀರ್ಷಿಕೆಯ ಎರಡು ಬೇರೆ ಸುದ್ದಿಗಳು ಆಗ ಒಂದೇ ಎನಿಸಿಬಿಡುತ್ತವೆ. ಅದಕ್ಕಾಗಿಯೇ ‘ಜನರೇಟ್-ಐಡಿ’ ಎಂಬ ಫಂಕ್ಷನ್ ಬೇಕಾಗುತ್ತದೆ. ಅದು ಪ್ರತಿ ನೋಡ್‌ಗೂ ಬೇರೆಲ್ಲೂ ಇರದ ಗುರುತಿನ ಪದವೊಂದನ್ನು ಕೊಡುತ್ತದೆ, ಒಂದು ಪರಿವರ್ತನೆಯ ಒಳಗೆ ಅದೇ ನೋಡ್‌ಗೆ ಎಷ್ಟು ಸಲ ಕೇಳಿದರೂ ಅದೇ ಪದವನ್ನೇ ಕೊಡುತ್ತದೆ. ಈ ಸುದ್ದಿಯ ಗುರುತೂ ಕೀಯಿಂದ ಬಂದ ಮೊದಲ ನೋಡ್‌ನ ಗುರುತೂ ಒಂದೇ ಆಗಿದ್ದರೆ ಸುದ್ದಿಯು ತನ್ನ ವರ್ಷದ ಪ್ರತಿನಿಧಿ. ಒಂದು ಪರಿವರ್ತನೆಯ ಗುರುತು ಮತ್ತೊಂದರಲ್ಲಿ ಹಾಗೇ ಇರುತ್ತದೆಂಬ ಭರವಸೆಯಿಲ್ಲವಾದ್ದರಿಂದ ಅದನ್ನು ಸುದ್ದಿಯ ಶಾಶ್ವತ ಕೊಂಡಿಯಾಗಿ ಬಳಸಬಾರದು.

ನಮ್ಮ ಮಾದರಿ ಕಡತವನ್ನು ಈ ಷರತ್ತಿನ ಮೂಲಕ ಹಾಯಿಸಿ ನೋಡೋಣ. 2023-11-04ರ ಸುದ್ದಿ ಕೀಗೆ 2023 ಎಂದು ಕೊಟ್ಟಾಗ ಎರಡು ನೋಡ್‌ಗಳು ಬರುತ್ತವೆ, ಮೊದಲನೆಯದು ಅದೇ; ಅದು ಉಳಿಯುತ್ತದೆ. 2024-02-17 ಮತ್ತು 2022-06-30 ಕೂಡ ತಮ್ಮ ತಮ್ಮ ವರ್ಷಗಳಲ್ಲಿ ಮೊದಲನೆಯವು. 2024-09-08ರ ಸುದ್ದಿಗೆ ಕೀಯಿಂದ ಮೊದಲು ಬರುವುದು ಫೆಬ್ರವರಿಯ ಸುದ್ದಿಯಾದ್ದರಿಂದ ಅದು ಬಿದ್ದುಹೋಗುತ್ತದೆ. ಜನವರಿ 2023ರದೂ ಹಾಗೆಯೇ. ಉಳಿದವು ಮೂರು ಸುದ್ದಿಗಳು, ವರ್ಷಗಳೂ ಮೂರು. ‘ಮೊದಲನೆಯದು’ ಎಂದರೆ ಇಲ್ಲಿ ಕಡತದಲ್ಲಿ ಮೊದಲು ಬರುವುದು, ದಿನಾಂಕದಲ್ಲಿ ಮೊದಲನೆಯದಲ್ಲ. ಪ್ರತಿನಿಧಿ ಯಾರಾದರೂ ಅಡ್ಡಿಯಿಲ್ಲ, ಪ್ರತಿ ವರ್ಷಕ್ಕೂ ಒಬ್ಬರೇ ಇದ್ದರೆ ಸಾಕು.

ಮೂರನೆಯ ಹಂತ ನಿರಾಯಾಸವಾದದ್ದು. ಪ್ರತಿನಿಧಿಗಳನ್ನು ವರ್ಷದ ಆಧಾರದ ಮೇಲೆ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಬೇಕು, ಪ್ರತಿಯೊಂದಕ್ಕೂ ವರ್ಷವನ್ನು ಶೀರ್ಷಿಕೆಯಾಗಿ ಅಚ್ಚುಮಾಡಬೇಕು, ಅದರೊಳಗೆ ಇನ್ನೊಂದು ‘ಫಾರ್-ಈಚ್’ ಇಟ್ಟು ಕೀಯಿಂದ ಆ ವರ್ಷದ ಎಲ್ಲ ಸುದ್ದಿಗಳನ್ನೂ ಕರೆಸಿ, ಅವನ್ನು ಪೂರ್ಣ ದಿನಾಂಕದಂತೆ ಮತ್ತೆ ಸಾರ್ಟ್ ಮಾಡಬೇಕು. ಹೊರಗಿನ ಸಾರ್ಟ್ ಒಳಗಿನದಕ್ಕೆ ಅನ್ವಯಿಸುವುದಿಲ್ಲ. ಒಂದನ್ನು ಬರೆದು ಇನ್ನೊಂದನ್ನು ಮರೆತರೆ ವರ್ಷಗಳು ಸರಿಯಾದ ಕ್ರಮದಲ್ಲಿದ್ದು ಒಳಗಿನ ಸುದ್ದಿಗಳು ಕಡತದ ಕ್ರಮದಲ್ಲೇ ಉಳಿಯುತ್ತವೆ. ಸಾಮಾನ್ಯವಾಗಿ ಎಡವುವ ಇನ್ನೊಂದು ಕಡೆಯೆಂದರೆ, ಒಳಗಿನ ಪಟ್ಟಿಯಲ್ಲಿ ಪ್ರತಿನಿಧಿಯೂ ಸೇರಿರುತ್ತದೆ ಎಂಬುದನ್ನು ಮರೆತು ಅದನ್ನು ಬೇರೆಯಾಗಿ ಮೇಲೆ ಅಚ್ಚುಮಾಡುವುದು. ಆಗ ಪ್ರತಿ ವರ್ಷದಲ್ಲೂ ಒಂದು ಸುದ್ದಿ ಎರಡು ಸಲ ಕಾಣುತ್ತದೆ. ವರ್ಷವನ್ನು ಮೊದಲೇ ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಂಡರೆ ಶೀರ್ಷಿಕೆಗೂ ಕೀಗೂ ಅದೇ ಸಿಗುತ್ತದೆ, ಬರವಣಿಗೆಯೂ ತಿಳಿಯಾಗುತ್ತದೆ.

ಕೀಗೆ ಒಂದು ಸ್ವಭಾವವಿದೆ, ಅದು ಇಡೀ ದಾಖಲೆಯನ್ನು ವ್ಯಾಪಿಸುತ್ತದೆ. ಕಡತದಲ್ಲಿ ‘ಸುದ್ದಿಗಳು’ ಎಂಬ ಒಂದೇ ವಿಭಾಗವಿದ್ದರೆ ಇದು ಗಮನಕ್ಕೇ ಬರುವುದಿಲ್ಲ. ಆದರೆ ಕ್ರೀಡೆ, ಶಿಕ್ಷಣ ಎಂದು ಎರಡು ವಿಭಾಗಗಳಿದ್ದು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ವರ್ಷವಾರು ತೋರಿಸಬೇಕಾದರೆ, 2024ರ ಪ್ರತಿನಿಧಿ ಕ್ರೀಡಾ ವಿಭಾಗದಲ್ಲಿ ಸಿಕ್ಕಿಬಿಡುತ್ತದೆ ಮತ್ತು ಶಿಕ್ಷಣ ವಿಭಾಗದಲ್ಲಿ 2024 ಎಂಬ ಶೀರ್ಷಿಕೆಯೇ ಮಾಯವಾಗುತ್ತದೆ. ದೋಷಸಂದೇಶವಿಲ್ಲದೆ ಸುದ್ದಿಗಳು ಕಾಣೆಯಾಗುವುದರಿಂದ ಇದನ್ನು ಪತ್ತೆಹಚ್ಚುವುದು ಕಷ್ಟ. ಪರಿಹಾರವೆಂದರೆ ಕೀಯ ಬೆಲೆಯಲ್ಲೇ ವಿಭಾಗವನ್ನೂ ಸೇರಿಸುವುದು: ತಾಯಿ ನೋಡ್‌ನ ‘ಜನರೇಟ್-ಐಡಿ’, ನಡುವೆ ಒಂದು ಗೆರೆ, ಆಮೇಲೆ ವರ್ಷ, ಈ ಮೂರನ್ನೂ ‘ಕಾನ್‌ಕ್ಯಾಟ್’ ಫಂಕ್ಷನ್‌ನಿಂದ ಜೋಡಿಸಿ ಅದನ್ನೇ ಬೆಲೆಯಾಗಿ ಕೊಟ್ಟರೆ ಪ್ರತಿ ವಿಭಾಗಕ್ಕೂ ಅದರದೇ ಪ್ರತಿನಿಧಿಗಳು ಸಿಗುತ್ತವೆ.

2007ರ ಜನವರಿ 23ರಂದು ಶಿಫಾರಸಾದ, ಮೈಕೇಲ್ ಕೇ ಸಂಪಾದಿಸಿದ 2.0 ಆವೃತ್ತಿ ಈ ಸರ್ಕಸ್ಸನ್ನು ಅನಗತ್ಯಗೊಳಿಸಿತು. ಅಲ್ಲಿ ‘ಫಾರ್-ಈಚ್-ಗ್ರೂಪ್’ ಎಂಬ ಆಜ್ಞೆಯೇ ಇದೆ. ‘ಸೆಲೆಕ್ಟ್’ ಲಕ್ಷಣದಲ್ಲಿ ಸುದ್ದಿಗಳನ್ನೂ ‘ಗ್ರೂಪ್-ಬೈ’ ಲಕ್ಷಣದಲ್ಲಿ ವರ್ಷ ತೆಗೆಯುವ ಸೂತ್ರವನ್ನೂ ಕೊಟ್ಟರೆ ಪ್ರತಿ ವರ್ಷಕ್ಕೂ ಒಮ್ಮೆ ಒಳಗಿನ ಭಾಗ ನಡೆಯುತ್ತದೆ. ಒಳಗೆ ‘ಕರೆಂಟ್-ಗ್ರೂಪಿಂಗ್-ಕೀ’ ಎಂದರೆ ಆ ವರ್ಷ, ‘ಕರೆಂಟ್-ಗ್ರೂಪ್’ ಎಂದರೆ ಆ ವರ್ಷದ ಸುದ್ದಿಗಳು. ಕೀ ಘೋಷಣೆ ಬೇಡ, ಗುರುತು ಹೋಲಿಸುವುದು ಬೇಡ, ವಿಭಾಗಗಳ ತೊಡಕೂ ಇಲ್ಲ, ಏಕೆಂದರೆ ಗುಂಪಾಗುವುದು ‘ಸೆಲೆಕ್ಟ್’ನಲ್ಲಿ ಹೆಸರಿಸಿದವು ಮಾತ್ರ. 2017ರ 3.0 ಆವೃತ್ತಿಯಲ್ಲೂ ಇದೇ ಆಜ್ಞೆ ಮುಂದುವರಿದಿದೆ.

ಇದೇ ಆಜ್ಞೆಗೆ ‘ಗ್ರೂಪ್-ಅಡ್ಜೇಸೆಂಟ್’ ಎಂಬ ಇನ್ನೊಂದು ಲಕ್ಷಣವಿದೆ. ಅದು ಅಕ್ಕಪಕ್ಕದಲ್ಲಿರುವ ಸಮಾನ ವರ್ಷದವನ್ನು ಮಾತ್ರ ಒಂದುಗೂಡಿಸುತ್ತದೆ; ನಮ್ಮ ಮಾದರಿಗೆ ಅನ್ವಯಿಸಿದರೆ ಐದು ಸುದ್ದಿಗಳಿಗೆ ಐದು ಗುಂಪುಗಳಾಗುತ್ತವೆ. ವರ್ಷವಾರು ಪಟ್ಟಿಗೆ ಬೇಕಾದದ್ದು ‘ಗ್ರೂಪ್-ಬೈ’ ಎಂಬುದರಲ್ಲಿ ಸಂಶಯವಿಲ್ಲ.

ಗುಂಪುಗೂಡಿಸುವ ತಂತ್ರ ಯಾವುದಾದರೂ ಆಗಲಿ, ನನ್ನ ದೃಷ್ಟಿಯಲ್ಲಿ ಹೆಚ್ಚಿನ ಎಡವಟ್ಟುಗಳು ಹುಟ್ಟುವುದು ದಿನಾಂಕದಲ್ಲಿ. 1.0 ಆವೃತ್ತಿಗೆ ದಿನಾಂಕವೆಂಬ ಪ್ರಕಾರವೇ ಗೊತ್ತಿಲ್ಲ. ಅದಕ್ಕೆ 2024-02-17 ಎಂಬುದು ಹತ್ತು ಅಕ್ಷರಗಳ ಪಠ್ಯ, ಅಷ್ಟೇ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕೆಗಳಿಟ್ಟು ಬರೆಯುವ ಐಎಸ್‌ಒ 8601 ರೂಪದ ಸೊಗಸೇ ಅದು: ಪಠ್ಯವಾಗಿ ಸಾರ್ಟ್ ಮಾಡಿದರೂ ಕಾಲಕ್ರಮವೇ ಬರುತ್ತದೆ, ಮೊದಲ ನಾಲ್ಕು ಅಕ್ಷರ ವರ್ಷವಾಗಿರುತ್ತದೆ. 17/02/2024 ಎಂಬ ರೂಪದಲ್ಲಿದ್ದರೆ ವರ್ಷವನ್ನು ಏಳನೆಯ ಅಕ್ಷರದಿಂದ ತೆಗೆಯಬೇಕು, ಸಾರ್ಟ್ ಮಾಡಲು ವರ್ಷ, ತಿಂಗಳು, ದಿನ ಎಂದು ಮೂರು ‘ಸಾರ್ಟ್’ ಆಜ್ಞೆಗಳನ್ನು ಒಂದರ ಹಿಂದೊಂದು ಇಡಬೇಕು. ತಾಣದ ಹೊಸ ಸುದ್ದಿಗಳನ್ನು ಹಂಚುವ ಆರ್‌ಎಸ್‌ಎಸ್ 2.0 ಫೀಡ್‌ಗಳಲ್ಲಿ ದಿನಾಂಕ ಆರ್‌ಎಫ್‌ಸಿ 822 ರೂಪದಲ್ಲಿರುತ್ತದೆ: ಇಂಗ್ಲಿಷ್ ವಾರದ ಮೂರಕ್ಷರದ ಹೆಸರು, ಅಲ್ಪವಿರಾಮ, ದಿನ, ಮೂರಕ್ಷರದ ತಿಂಗಳು, ವರ್ಷ, ಸಮಯ. ಎಲ್ಲವೂ ಕ್ರಮಬದ್ಧವಾಗಿದ್ದರೆ ವರ್ಷ 13ನೆಯ ಅಕ್ಷರದಿಂದ ಆರಂಭವಾಗುತ್ತದೆ. ಆದರೆ ಆ ರೂಪದಲ್ಲಿ ವಾರದ ಹೆಸರು ಕಡ್ಡಾಯವಲ್ಲ, ದಿನ ಒಂದೇ ಅಂಕೆಯದ್ದಾಗಿರಬಹುದು, ವರ್ಷವೂ ಎರಡೇ ಅಂಕೆಯದ್ದಾಗಿರಬಹುದು. ಹೀಗಾಗಿ ಎಣಿಕೆಯನ್ನು ನಂಬುವಂತಿಲ್ಲ. ಅದನ್ನು ಪಠ್ಯವಾಗಿ ಸಾರ್ಟ್ ಮಾಡಿದರಂತೂ ಇಂಗ್ಲಿಷ್ ಅಕಾರಾದಿಯಂತೆ ಶುಕ್ರವಾರದ ಸುದ್ದಿಗಳೆಲ್ಲ ಮೊದಲು, ಬುಧವಾರದವೆಲ್ಲ ಕೊನೆಗೆ ಬಂದು ಕೂರುತ್ತವೆ. ಸುದ್ದಿ ಕಡತದ ರೂಪ ನಿಮ್ಮ ಕೈಯಲ್ಲೇ ಇದ್ದರೆ ಐಎಸ್‌ಒ ರೂಪವನ್ನು ಬಿಟ್ಟು ಬೇರೆ ಯೋಚನೆ ಮಾಡಲೇಬೇಡಿ.

2.0ರಲ್ಲಿ ದಿನಾಂಕಕ್ಕೆ ನಿಜವಾದ ಪ್ರಕಾರವಿದೆ. ಪಠ್ಯವನ್ನು ಮೊದಲು ‘ಡೇಟ್’ ಪ್ರಕಾರಕ್ಕೆ ಪರಿವರ್ತಿಸಿ ‘ಇಯರ್-ಫ್ರಮ್-ಡೇಟ್’ ಫಂಕ್ಷನ್‌ಗೆ ಕೊಟ್ಟರೆ ವರ್ಷ ಪೂರ್ಣಾಂಕವಾಗಿ ಸಿಗುತ್ತದೆ. ಈ ಪರಿವರ್ತನೆ ಕಟ್ಟುನಿಟ್ಟಿನದು: 2024-2-17 ಎಂಬಂಥ ಸಡಿಲ ರೂಪ ಕಂಡರೆ ಕೆಲಸವನ್ನೇ ನಿಲ್ಲಿಸಿ ದೋಷವನ್ನು ಸಾರುತ್ತದೆ. ಇದು ಒಳ್ಳೆಯದೇ. ಆತಂಕಕಾರಿಯಾದದ್ದು ಮೌನವಾಗಿ ನಡೆಯುವ ತಪ್ಪುಗಳು. ದಿನಾಂಕದ ಲಕ್ಷಣ ಇದ್ದು ಖಾಲಿಯಾಗಿದ್ದರೆ 2.0ರಲ್ಲಿ ದೋಷಸಂದೇಶ ಬರುತ್ತದೆ; ಲಕ್ಷಣವೇ ಇಲ್ಲದಿದ್ದರೆ ವರ್ಷದ ಸ್ಥಾನದಲ್ಲಿ ಏನೂ ಇಲ್ಲದ ಸರಣಿ ಬಂದು, ಆ ಸುದ್ದಿ ಯಾವ ಗುಂಪಿಗೂ ಸೇರದೆ, ಯಾವ ಎಚ್ಚರಿಕೆಯೂ ಇಲ್ಲದೆ ಪುಟದಿಂದ ಮರೆಯಾಗುತ್ತದೆ. 1.0ರ ಮ್ಯೂಂಚಿಯನ್ ವಿಧಾನದಲ್ಲಿ ‘ಸಬ್‌ಸ್ಟ್ರಿಂಗ್’ ಎರಡೂ ಸಂದರ್ಭದಲ್ಲಿ ಖಾಲಿ ಪಠ್ಯವನ್ನೇ ಕೊಡುವುದರಿಂದ ದಿನಾಂಕವಿಲ್ಲದವೆಲ್ಲ ಹೆಸರಿಲ್ಲದ ಶೀರ್ಷಿಕೆಯೊಂದರ ಕೆಳಗೆ ಒಟ್ಟಾಗುತ್ತವೆ. ನೋಟಕ್ಕೆ ಕೆಟ್ಟದಾದರೂ ಹಳೆಯ ವಿಧಾನವೇ ಇಲ್ಲಿ ಪ್ರಾಮಾಣಿಕ. ಎರಡರಲ್ಲೂ ದಿನಾಂಕವಿಲ್ಲದ ಸುದ್ದಿಗಳನ್ನು ಮೊದಲೇ ಬೇರ್ಪಡಿಸಿ ‘ದಿನಾಂಕ ನಮೂದಾಗಿಲ್ಲ’ ಎಂಬ ಶೀರ್ಷಿಕೆ ಕೊಡುವುದು ಮೇಲು.

ದಿನಾಂಕದೊಡನೆ ಸಮಯವೂ ಇದ್ದರೆ ವರ್ಷಾಂತ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ, 2023ರ ಡಿಸೆಂಬರ್ 31ರ ರಾತ್ರಿ 8 ಗಂಟೆಗೆ ಹೊರಬಿದ್ದ ಸುದ್ದಿ, ಒಂಬತ್ತು ಗಂಟೆ ಮುಂದಿರುವ ಪ್ರದೇಶದ ಓದುಗರಿಗೆ 2024ರ ಜನವರಿ 1ರ ಮುಂಜಾನೆ 5ರದು. ಬರೆದಿರುವ ಪಠ್ಯದಿಂದ ನೇರವಾಗಿ ವರ್ಷ ತೆಗೆದರೆ ಅದು 2023ಕ್ಕೆ ಸೇರುತ್ತದೆ. 2.0ರಲ್ಲಿ ಸಮಯವನ್ನು ಬೇಕಾದ ಕಾಲವಲಯಕ್ಕೆ ಹೊಂದಿಸಿಕೊಡುವ ಫಂಕ್ಷನ್ ಇದೆ, ಆದರೆ ಕಾಲವಲಯವನ್ನು ಸ್ಪಷ್ಟವಾಗಿ ಹೇಳದೆ ಬಿಟ್ಟರೆ ಅದು ಪ್ರೊಸೆಸರ್ ನಡೆಯುತ್ತಿರುವ ಪರಿಸರದ ಕಾಲವಲಯವನ್ನು ಹಿಡಿಯುತ್ತದೆ, ಸರ್ವರ್ ಬದಲಾದರೆ ವರ್ಷವೂ ಬದಲಾಗಬಹುದು. ಸುದ್ದಿಪಟ್ಟಿಯ ಮಟ್ಟಿಗೆ, ಸಂಸ್ಥೆ ತಾನೇ ನಮೂದಿಸಿದ ದಿನಾಂಕವನ್ನು ಹಾಗೇ ಒಪ್ಪಿಕೊಳ್ಳುವುದು ವಿವೇಕದ ಆಯ್ಕೆ.

ಯಾವ ಆವೃತ್ತಿಯನ್ನು ಬಳಸಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ಬ್ರೌಸರ್‌ಗಳ ಒಳಗಿನ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲೇ ನಿಂತಿದೆ, ಪಿಎಚ್‌ಪಿಯ ವಿಸ್ತರಣೆ ಮತ್ತು ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಅವಲಂಬಿಸಿರುವ ಲಿಬ್‌ಎಕ್ಸ್‌ಎಸ್‌ಎಲ್‌ಟಿಯೂ, ಡಾಟ್‌ನೆಟ್ ಜೊತೆಗೇ ಬರುವ ಪ್ರೊಸೆಸರ್ ಕೂಡ 1.0ರವೇ. 2.0 ಮತ್ತು 3.0 ಬೇಕಾದವರು ಸಾಮಾನ್ಯವಾಗಿ ಸ್ಯಾಕ್ಸನ್ ಎಂಬ ಪ್ರೊಸೆಸರ್‌ನತ್ತ ಹೋಗುತ್ತಾರೆ. ಅದರ ಉಚಿತ ಆವೃತ್ತಿಯೇ ಈ ಕೆಲಸಕ್ಕೆ ಧಾರಾಳ. ಪುಟಗಳನ್ನು ಮುಂಚಿತವಾಗಿ ತಯಾರಿಸಿ ಸರ್ವರ್‌ಗೆ ಏರಿಸುವ ವ್ಯವಸ್ಥೆಯಿದ್ದರೆ ಸ್ಯಾಕ್ಸನ್ ಬಳಸಿ ‘ಫಾರ್-ಈಚ್-ಗ್ರೂಪ್’ ಬರೆಯುವುದೇ ಸರಿ. ಇರುವ ವ್ಯವಸ್ಥೆ 1.0ರದ್ದಾಗಿದ್ದರೆ ಮ್ಯೂಂಚಿಯನ್ ವಿಧಾನವನ್ನು ಒಮ್ಮೆ ಎಚ್ಚರದಿಂದ ಬರೆದು, ಆ ಕಠಿಣ ಸಾಲಿನ ಮೇಲೆ ಅದರ ಅರ್ಥವನ್ನು ಟಿಪ್ಪಣಿಯಾಗಿ ಬರೆದಿಡಬೇಕು. ಆರು ತಿಂಗಳ ನಂತರ ಅದನ್ನು ಓದುವವರು ಬೇರೆಯವರೇ ಆಗಿರಬಹುದು.

ಪ್ರತಿನಿಧಿಗಳ ಪಟ್ಟಿ ಒಮ್ಮೆ ಸಿಕ್ಕರೆ ಅದರಿಂದ ಇನ್ನೂ ಕೆಲವು ಅನುಕೂಲಗಳಿವೆ. ಪುಟದ ಮೇಲ್ಭಾಗದಲ್ಲಿ ವರ್ಷಗಳ ಕೊಂಡಿಗಳನ್ನು ತೋರಿಸಲು ಅದೇ ಆಯ್ಕೆಯನ್ನು ಮತ್ತೊಮ್ಮೆ ಓಡಿಸಿ ವರ್ಷವನ್ನು ಮಾತ್ರ ಅಚ್ಚುಮಾಡಿದರಾಯಿತು. ಕೊಂಡಿ ತಲುಪುವ ಶೀರ್ಷಿಕೆಯ ಗುರುತಿಗೆ ಬರೀ 2024 ಎನ್ನದೆ ಮುಂದೊಂದು ಅಕ್ಷರ ಸೇರಿಸುವುದು ಒಳಿತು, ಏಕೆಂದರೆ ಎಕ್ಸ್‌ಎಂಎಲ್ ನಿಯಮದಂತೆ ಗುರುತು ಅಂಕೆಯಿಂದ ಆರಂಭವಾಗುವಂತಿಲ್ಲ. ವರ್ಷದೊಳಗೆ ತಿಂಗಳುವಾರು ವಿಂಗಡಣೆಯೂ ಬೇಕಾದರೆ ದಿನಾಂಕದ ಮೊದಲ ಏಳು ಅಕ್ಷರಗಳನ್ನು ಬೆಲೆಯಾಗುಳ್ಳ ಎರಡನೆಯ ಕೀ ಘೋಷಿಸಿ, ವರ್ಷದ ಕೀಯಿಂದ ಬಂದ ಸುದ್ದಿಗಳ ಮೇಲೆ ಅದೇ ಪ್ರತಿನಿಧಿ ಪರೀಕ್ಷೆಯನ್ನು ಮತ್ತೆ ಹಾಕಬೇಕು. ತಿಂಗಳನ್ನು ಮಾತ್ರ, ಅಂದರೆ ಆರನೆಯ ಅಕ್ಷರದಿಂದ ಎರಡನ್ನು, ಬೆಲೆಯಾಗಿ ಇಟ್ಟರೆ 2023ರ ಜನವರಿಯೂ 2024ರ ಜನವರಿಯೂ ಒಂದೇ ಗುಂಪಾಗಿ, ಕಡತದಲ್ಲಿ ಮೊದಲು ಬಂದ ವರ್ಷವನ್ನು ಬಿಟ್ಟು ಉಳಿದ ವರ್ಷಗಳಲ್ಲಿ ಆ ತಿಂಗಳ ಸುದ್ದಿಗಳು ಕಾಣಿಸುವುದೇ ಇಲ್ಲ. 2.0ರಲ್ಲಾದರೆ ಒಂದು ‘ಫಾರ್-ಈಚ್-ಗ್ರೂಪ್’ ಒಳಗೆ ಇನ್ನೊಂದನ್ನು ಇಟ್ಟು, ಒಳಗಿನದಕ್ಕೆ ‘ಕರೆಂಟ್-ಗ್ರೂಪ್’ ಕೊಟ್ಟು, ತಿಂಗಳನ್ನಷ್ಟೇ ಆಧಾರವಾಗಿಸಿದರೂ ಸಾಕು. ಹೊರಗಿನ ಗುಂಪು ಆ ವರ್ಷದ ಎಲ್ಲೆಯನ್ನು ಆಗಲೇ ಹಾಕಿರುತ್ತದೆ.